ಎರಡು ಮಂಚದ ಗಾಡಿ

ನನ್ನ ಗಂಡ ಗಾಡಿ ಆರಿಸಿದ ರೀತಿಯನ್ನು ನಾನು ಸಾಯೋವರೆಗೂ ಮರೆಯೋದಿಲ್ಲ.

ಭದ್ರಾವತಿಯ ಒಂದು ಯಾರ್ಡಿನಲ್ಲಿ ಎರಡು ಟ್ರೇಲರು ನಿಂತಿದ್ದವು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಹೊರದೇಶದ ಎಂಜಿನಿಯರುಗಳು ವಾಸಕ್ಕೆ ಇಟ್ಟುಕೊಂಡಿದ್ದು, ಕೆಲಸ ಮುಗಿದ ಮೇಲೆ ಬಿಟ್ಟುಹೋದ ಗಾಲಿ ಮೇಲಿನ ಮನೆಗಳು. ಜೀಪಿಗೆ ಕೊಂಡಿ ಹಾಕಿ ಎಳೆದರೆ ಮನೆಗೆ ಮನೆಯೇ ಹಿಂದೆ ಬರುತ್ತಿತ್ತು. ನನ್ನವರು ಕರೆಂಟಿನ ದೊಡ್ಡ ಟವರುಗಳನ್ನು ನಿಲ್ಲಿಸುವ ಒಬ್ಬ ಕಂಟ್ರಾಕ್ಟರರ ಹತ್ತಿರ ಸೂಪರ್‌ವೈಸರ್ ಆಗಿದ್ದರು. ಲೈನು ಮುಂದೆ ಹೋದ ಹಾಗೆ ಅವರೂ ಹೋಗಬೇಕು. ಹೋಟೆಲಿನಲ್ಲಿ ತಿನ್ನೋರಲ್ಲ, ಬೇರೆ ಜಾತಿಯವರ ಕೈಲಿ ನೀರು ಕುಡಿಯೋರಲ್ಲ, ಸಂಧ್ಯಾವಂದನೆ ತಪ್ಪಿಸೋರಲ್ಲ. ಹಾಗಾಗಿ ಬೇಯಿಸಿ ಹಾಕೋದಕ್ಕೆ ನಾನು ಜೊತೆಗೆ ಹೋಗಬೇಕು, ನನ್ನನ್ನು ಇಟ್ಟುಕೊಳ್ಳೋದಕ್ಕೆ ಒಂದು ಸೂರು ಬೇಕು. "ಎರಡರಲ್ಲಿ ಯಾವುದು ಒಪ್ಪಿಗೆಯೋ ನೋಡ್ಕೊಳ್ಳಿ ಸ್ವಾಮಿ, ಇಬ್ಬರಿಗೆ ಧಾರಾಳ ಆಗುತ್ತೆ" ಅಂದಿದ್ದರು ಕಂಟ್ರಾಕ್ಟರು.

ಒಂದು ಗಾಡಿ ತಗ್ಗಾಗಿತ್ತು. ಆದರೆ ಒಳಗೆ ಏನು ಚೆಂದ ಅಂತೀರಿ! ಪಾತ್ರೆ ತೊಳೆಯೋದಕ್ಕೆ ಪುಟ್ಟ ತೊಟ್ಟಿ, ಗೋಡೆಯೊಳಗೇ ಕೂತ ಕಪಾಟು, ಎರಡು ಕಡೆ ಗಾಜಿನ ಕಿಟಕಿ, ಎದುರುಬದುರು ಅಗಲವಾದ ಎರಡು ಮಂಚ. ಇನ್ನೊಂದು ಎತ್ತರದ ಗಾಡಿ, ಹಸಿರು ಬಣ್ಣ ಅಲ್ಲಲ್ಲಿ ಎದ್ದು ತಗಡು ಕಾಣುತ್ತಿತ್ತು. ತೊಟ್ಟಿ ಇಲ್ಲ, ಕಪಾಟಿಲ್ಲ, ಒಂದೇ ಕಿಟಕಿ, ಮಂಚಗಳೋ ಬೆಂಚಿನ ಹಾಗೆ. ನಾನು ತಗ್ಗಿನ ಗಾಡಿಯೊಳಗೆ ಕೂತು ಏಳೋದಕ್ಕೇ ಮನಸ್ಸಿಲ್ಲದೆ ಕೂತಿದ್ದೆ. ನನ್ನವರು ಎರಡರೊಳಕ್ಕೂ ಕಾಲಿಡಲಿಲ್ಲ. ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಎರಡು ಗಾಡಿಯ ಅಡಿಗೂ ತಲೆ ಹಾಕಿ ನೋಡಿದರು. ಕೈಲಿದ್ದ ಕೊಡೆಯನ್ನು ನೆಟ್ಟಗೆ ನಿಲ್ಲಿಸಿ ನೆಲದಿಂದ ಅಡಿಹಲಗೆವರೆಗೂ ಅಳೆದರು. ಅಚ್ಚು, ಸ್ಪ್ರಿಂಗು ಏನೋ ಪರೀಕ್ಷೆ ಮಾಡ್ತಿದ್ದಾರೆ, ಗಂಡಸರಿಗೆ ಇವೆಲ್ಲ ಗೊತ್ತಿರುತ್ತೆ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಎದ್ದು ಕೈ ಒರೆಸಿಕೊಂಡು, "ಹಸಿರುದೇ ಆಗಲಿ" ಅಂದರು.

ಹಾಳಾಗಿ ಹೋಗಲಿ, ಅದೂ ಒಂದು ಮನೆ ಅಂದುಕೊಂಡೆ. ಯಾಕೆ ಅಂದರೆ ಶಿವಮೊಗ್ಗದ ಅತ್ತೆಮನೆಯಲ್ಲಿ ನನ್ನದು ಅಂತ ಒಂದು ಮೂಲೆಯೂ ಇರಲಿಲ್ಲ. ಕೋಟೆ ಹತ್ತಿರದ ಆ ಮನೆ ತುಂಬ ಜನ. ಗಂಡಸರಿಗೆ ನಡುಮನೆ, ಹೆಂಗಸರೆಲ್ಲ ಅಡುಗೆಮನೆ ಪಕ್ಕದ ಓಣಿಯಂಥ ಜಾಗದಲ್ಲಿ ಸಾಲಾಗಿ ಮಲಗಬೇಕು. ಮೊದಲು ಎದ್ದವಳು ಉಳಿದವರ ಕಾಲು ತುಳಿದುಕೊಂಡೇ ಹೋಗಬೇಕು. ಅಂಥಾದ್ದರಲ್ಲಿ ಬೆಂಚಿನ ಹಾಗಾದರೂ ಇರಲಿ, ನನಗೇ ಅಂತ ಒಂದು ಮಂಚ! ಗಾಂಧಿ ಬಜಾರಿನಿಂದ ಹೂವಿನ ಚೀಟಿಬಟ್ಟೆ ತರಿಸಿ ಕಿಟಕಿಗೆ ಪರದೆ ಹೊಲಿದೆ. ತವರಿನಿಂದ ಹತ್ತಿ ಬಂತು, ಹಾಸಿಗೆ ಹೊಲಿಸಿದೆ. ಮೊದಲ ದಿನ ಆ ಹಾಸಿಗೆ ಮೇಲೆ ಕೈಕಾಲು ಚಾಚಿ ಮಲಗಿದಾಗ ನಗು ತಡೆಯೋಕಾಗಲಿಲ್ಲ. "ಏನೇ ಅದು, ಹುಚ್ಚು ಹಿಡಿದವರ ಹಾಗೆ" ಅಂದರು ಎದುರು ಮಂಚದಿಂದ. ಹುಚ್ಚೇ ಹಿಡಿದಿತ್ತು.

ಹೊಳಲೂರು ರಸ್ತೆ ಪಕ್ಕದ ಒಂದು ಬಯಲಿನಲ್ಲಿ ಗಾಡಿ ನಿಂತಿದ್ದಾಗ, ಗಾಡಿಗೆ ಬಂದ ಮೇಲೆ ಮೊದಲ ಸಲ ನಾನು ಹೊರಗಾದೆ. ನಮ್ಮಲ್ಲಿ ತಿಂಗಳಿಗೆ ಮೂರು ದಿನ ಹೆಂಗಸು ಏನನ್ನೂ ಮುಟ್ಟೋ ಹಾಗಿಲ್ಲ, ಯಾರನ್ನೂ ಸೋಕೋ ಹಾಗಿಲ್ಲ, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೇ ಒಳಗೆ. ತವರಿನಲ್ಲಿ ಅದಕ್ಕೇ ಹಿತ್ತಲ ಕಡೆ ಒಂದು ಕೋಣೆ ಇತ್ತು. ಚಿಕ್ಕಮ್ಮನೋ ಅಕ್ಕನೋ ಜೊತೆಗಿದ್ದರೆ ಹರಟೆಯೇ ಹರಟೆ. ದುಡಿಮೆ ಇಲ್ಲ, ಕೂತಲ್ಲಿಗೇ ಊಟ. ನಿಜ ಹೇಳಬೇಕು ಅಂದರೆ ನಮಗೆ ಅದೊಂದು ರಜ. ಇಲ್ಲಿ ಕೋಣೆ ಎಲ್ಲಿದೆ? ಒಂದು ಮಂಚದಿಂದ ಕೈ ಚಾಚಿದರೆ ಇನ್ನೊಂದು ಮಂಚ. ಬಾಗಿಲ ಹತ್ತಿರ ಒಂದು ಮೂಲೆ ತೋರಿಸ್ತಾರೆ, ಪರದೆ ಕಟ್ಟಿಕೊಂಡರಾಯ್ತು ಅಂದುಕೊಂಡು ವಿಷಯ ಹೇಳಿದೆ.

ಅವರು ಏನೂ ಯೋಚನೆ ಮಾಡಲಿಲ್ಲ. ಮೂಲೆಯಿಂದ ಒಂದು ಗೋಣಿಚೀಲ ತೆಗೆದರು. ಅದರೊಳಗೆ ಒಂದು ಚಾಪೆ, ಹಳೇ ಕಂಬಳಿ, ಒಂದು ತಗಡಿನ ತಟ್ಟೆ, ಲೋಟ. ಎಲ್ಲ ಮೊದಲೇ ಸಿದ್ಧವಾಗಿತ್ತು. ಕೆಳಗಿಳಿದು, ಗಾಡಿಯ ಅಡಿಗೆ ಚಾಪೆ ಸರಿಸಿ, ತಾವೇ ಬಗ್ಗಿ ತೋರಿಸಿದರು. "ನೋಡು, ಬೆನ್ನು ನೆಟ್ಟಗೆ ಮಾಡಿ ಕೂತ್ಕೋಬಹುದು. ಆ ಇನ್ನೊಂದು ಗಾಡೀಲಿ ತಲೆ ತಾಗ್ತಿತ್ತು. ನಿನಗೋಸ್ಕರಾನೇ ಇದನ್ನ ಆರಿಸಿದ್ದು ಮಾರಾಯ್ತಿ."

ಮುಖದಲ್ಲಿ ಎಂಥಾ ಸಮಾಧಾನ! ಉಪಕಾರ ಮಾಡಿದ ಮುಖ. ಬಗ್ಗಿ ಅಡಿಗೆ ಹೋಗಿ ಕೂತೆ.

ಅಲ್ಲಿ ಕೂತವರಿಗೇ ಗೊತ್ತು ಅದರ ಸುಖ. ಅಚ್ಚಿನಿಂದ ಗ್ರೀಸು ತೊಟ್ಟಿಕ್ಕಿ ಸೀರೆ ಎಲ್ಲ ಕರೀ ಕಲೆ. ನಾಯಿ ಬಂದು ಮೂಸಿ ಹೋಗುತ್ತಿತ್ತು. ಮೇಲೆ ಅವರು ಓಡಾಡಿದರೆ ಹಲಗೆ ಸಂದಿಯಿಂದ ಮಣ್ಣು ನೆತ್ತಿ ಮೇಲೆ ಬೀಳುತ್ತಿತ್ತು, ಆಚಮನದ ನೀರು ಚೆಲ್ಲಿದರೆ ಅದೂ ನನಗೇ. ಮೂರು ದಿನ ಅವರೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಅದು ಅನ್ನ ಅಲ್ಲ, ಗಾರೆ. ಬಗ್ಗಿ, ನನಗೆ ಸೋಕದ ಹಾಗೆ ಎತ್ತರದಿಂದ ಒಂದು ಮುದ್ದೆ ತಟ್ಟೆಗೆ ಎತ್ತಿಹಾಕಿ, "ನಿನ್ನ ದೆಸೆಯಿಂದ ನನಗೂ ಈ ಪಾಡು" ಅನ್ನುತ್ತಿದ್ದರು. ಕೆಲಸದ ಹೆಂಗಸರು ಬಾಂಡಲಿ ಹೊತ್ತುಕೊಂಡು ಹೋಗುವಾಗ ಬಗ್ಗಿ ಬಗ್ಗಿ ನೋಡಿ ಕಿಸಕ್ಕನೆ ನಗೋರು. ಸೂಪರ್‌ವೈಸರ್ ಹೆಂಡತಿ ಗಾಡಿ ಕೆಳಗೆ! ನೆತ್ತಿ ಮೇಲೆ ಗೇಣುದ್ದ ದೂರದಲ್ಲಿ ನನ್ನ ಮಂಚ ಖಾಲಿ ಬಿದ್ದಿದೆ, ನಾನು ಇಲ್ಲಿ ಬಿದ್ದಿದ್ದೀನಿ. ನನಗೆ ಬೇಕಾಗಿದ್ದದ್ದು ಬೇರೇನೂ ಅಲ್ಲ. ತಿಂಗಳಲ್ಲಿ ಎಲ್ಲ ದಿನವೂ ಆ ಮಂಚದ ಮೇಲೆ ಮಲಗಬೇಕು, ಅಷ್ಟೇ. ಕೇಳಿಯೂ ಕೇಳಿದೆ. "ಪರದೆ ಕಟ್ಕೋತೀನಿ, ಮಿಸುಕೋದಿಲ್ಲ." "ದೇವರ ಪೆಟ್ಟಿಗೆ ಒಳಗಿದೆ, ಬುದ್ಧಿ ಇದೆಯೇನೇ ನಿನಗೆ?" ಅಂದರು.

ಹಾಗೇ ತಿಂಗಳುಗಳು ಉರುಳಿದವು. ಲೈನು ಭದ್ರಾವತಿ ಕಡೆಗೆ ಬಂತು. ಕಾರ್ಖಾನೆಯ ಸೈರನ್ನು ಕೇಳುವಷ್ಟು ಹತ್ತಿರದ ಒಂದು ಬೋಳು ದಿಣ್ಣೆ ಮೇಲೆ ಗಾಡಿ ನಿಂತಿತು. ಪಕ್ಕದಲ್ಲೇ ಕೂಲಿಯವರ ತಗಡಿನ ಶೆಡ್ಡುಗಳು, ಬಹಳ ಮಂದಿ ತಮಿಳಿನವರು. ಅಲ್ಲಿ ನನ್ನವರಿಗೆ ಜ್ವರ ಬಂತು. ಎಂಥಾ ಜ್ವರ, ಮೈ ಮುಟ್ಟಿದರೆ ಕೈ ಸುಡೋ ಜ್ವರವಂತೆ. ಜೀಪಿನ ಡ್ರೈವರು ನೋಡಿ ಹೇಳಿದ್ದು. ನಾನೆಲ್ಲಿ ಮುಟ್ಟೋದು? ನನಗೆ ಅವತ್ತು ಎರಡನೇ ದಿನ, ಗಾಡಿ ಅಡಿ ಕೂತಿದ್ದೆ.

ಡ್ರೈವರು ಡಾಕ್ಟರನ್ನು ಕರೆತರೋದಕ್ಕೆ ಜೀಪು ತಗೊಂಡು ಊರೊಳಗೆ ಹೋದ. ಸುಡು ಮಧ್ಯಾಹ್ನ. ಕೂಲಿಯವರೆಲ್ಲ ಕೆಲಸದ ಜಾಗದಲ್ಲಿ. ಶೆಡ್ಡಿನ ಮುಂದೆ ಒಬ್ಬ ತಮಿಳು ಹೆಂಗಸು ಒಲೆ ಊದುತ್ತಿದ್ದಳು. ಮೇಲೆ ಚೊಂಬು ಉರುಳಿದ ಸದ್ದಾಯಿತು. ನೀರು ಮುಗಿದಿತ್ತು. ನಾನು ತುಂಬಿಡೋ ಹಾಗಿರಲಿಲ್ಲ, ಅವರಿಗೆ ಏಳೋದಕ್ಕೆ ಆಗಿರಲಿಲ್ಲ.

"ಯಾರಾದ್ರೂ ಇದ್ದೀರಾ?" ಅಂದರು.

"ನಾನಿದ್ದೀನಿ. ನೀರು ತರಲಾ?"

"ನೀನು ಬೇಡ."

ಆ ತಮಿಳಿನವಳು ಅಷ್ಟರಲ್ಲಿ ಒಂದು ತಂಬಿಗೆ ನೀರು ಹಿಡಿದುಕೊಂಡು ಬಾಗಿಲವರೆಗೂ ಬಂದಳು. "ಬೇಡಮ್ಮ, ಹೋಗು" ಅಂದರು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೋಗಿ ಮತ್ತೆ ಒಲೆ ಮುಂದೆ ಕೂತಳು.

ಡ್ರೈವರು ಬರಲಿಲ್ಲ. ಮೇಲೆ ಹೊರಳಾಟ, ನರಳಾಟ. ಮಂಚದಿಂದ ಕೆಳಗೆ ಬಿದ್ದ ಸದ್ದು, ಹಲಗೆ ಮೇಲೆ ತೆವಳಿದ ಸದ್ದು. ನನ್ನ ತಲೆಗೆ ಸರಿಯಾಗಿ ಮೇಲೇ ಬಂದು ಬಿದ್ದುಕೊಂಡರು. ಉಸಿರು ಕೇಳಿಸುತ್ತಿತ್ತು.

"ಲೇ… ಕೊಡೇ."

"ಏನು ಕೊಡಲಿ?"

"ನೀರು."

"ನಾನು ಹೊರಗಿದ್ದೀನಲ್ಲ. ಮುಟ್ಟಬಹುದಾ?"

ಏನೋ ಗೊಣಗಿದರು. "ಬಾಯಿಬಿಟ್ಟು ಹೇಳಿ, ಕೇಳಿಸ್ತಾ ಇಲ್ಲ" ಅಂದೆ. ಕೇಳಿಸುತ್ತಿತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅಂದೆ. ಅಂದಿದ್ದಕ್ಕೆ ಇವತ್ತಿಗೂ ನನಗೆ ಏನೂ ಅನ್ನಿಸೋದಿಲ್ಲ.

"ಮುಟ್ಟು! ಒಳಗೆ ಬಾ!" ಅಂತ ಕೂಗಿದರು. ಒಲೆ ಮುಂದಿನವಳು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದರು.

ಶೆಡ್ಡಿನ ಪಕ್ಕದ ನಲ್ಲಿಗೆ ಓಡಿ ಬಿಂದಿಗೆ ತುಂಬಿ ತಂದೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಎಷ್ಟು ಕುಡಿದರು! ಒದ್ದೆ ಬಟ್ಟೆ ಹಣೆಗೆ ಹಾಕಿದೆ. ಮಂಚಕ್ಕೆ ಎತ್ತಿ ಮಲಗಿಸಿ ನನ್ನ ಮಂಚದ ಮೇಲೆ ಕೂತೆ. ನನ್ನ ಮಣಿಕಟ್ಟು ಹಿಡಿದುಕೊಂಡವರು ಬಿಡಲೇ ಇಲ್ಲ, ಮಗು ಹಿಡಿದುಕೊಂಡ ಹಾಗೆ. ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರು. ಆ ಜ್ವರ ಇಳಿಯೋವರೆಗೂ ನಾನು ಮಂಚ ಬಿಟ್ಟು ಇಳಿಯಲಿಲ್ಲ, ಇಳಿ ಅಂತ ಅವರೂ ಅನ್ನಲಿಲ್ಲ. ಇನ್ನು ಮುಗೀತು, ಗಾಡಿ ಅಡಿಯ ಸಹವಾಸ ಮುಗೀತು ಅಂದುಕೊಂಡೆ. ಸಂತೋಷಕ್ಕೆ ಅಳು ಬಂತು.

ಮೈಗೆ ಶಕ್ತಿ ಬಂದಕೂಡಲೇ ಶಿವಮೊಗ್ಗಕ್ಕೆ ಹೋದೆವು. ಅವರು ಪುರೋಹಿತರನ್ನು ಮನೆಗೆ ಕರೆಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. "ನನಗೆ ಪ್ರಜ್ಞೆಯೇ ಇರಲಿಲ್ಲ. ಇವಳೇ ನುಗ್ಗಿ ಎಲ್ಲ ಮುಟ್ಟಿದಾಳೆ. ಏನು ಪ್ರಾಯಶ್ಚಿತ್ತ?" ಅಂತ ಕೇಳಿದರು.

ಪಂಚಗವ್ಯ ಕುಡಿಸಿದರು, ನನಗೆ ಉಪವಾಸ ಹಾಕಿದರು. ಅತ್ತೆ ತಲೆ ಚಚ್ಚಿಕೊಂಡರು. ಅವರು ಮುಂಚೆಯೇ ಬಂದಿದ್ದರು. ನಾನು ಗಾಡಿಗೆ ವಾಪಸು ಬಂದಾಗ ನನ್ನ ಹಾಸಿಗೆ ಇಲ್ಲ. ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ಬೆಳಗಿದರೆ ಶುದ್ಧ, ಹತ್ತಿ ಹಾಸಿಗೆ ಹೇಗೆ ಒಗೆಯೋದು ಅಂತ ಕೆಲಸದ ಜಾಗದ ಕಾವಲಿನವನಿಗೆ ಕೊಟ್ಟುಬಿಟ್ಟಿದ್ದರು. "ಬರೀ ಹಲಗೆ ಬೆನ್ನಿಗೆ ಒಳ್ಳೇದು" ಅಂದರು. ತಮ್ಮ ಹಾಸಿಗೆ ಮಾತ್ರ ಹಾಗೇ ಇತ್ತು, ಅದಕ್ಕೆ ಪುಣ್ಯಾಹದ ನೀರು ಚಿಮುಕಿಸಿದ್ದೇ ಸಾಕಾಗಿತ್ತು.

"ನೀವೇ ಅಲ್ವಾ ಕರೆದಿದ್ದು? ಮುಟ್ಟು ಅಂತ ಕೂಗಲಿಲ್ವಾ?" ಅಂದೆ.

ಮುಖಕ್ಕೆ ಮುಖ ಕೊಟ್ಟು, ಕಣ್ಣು ಮಿಟುಕಿಸದೆ, "ಯಾವಾಗ?" ಅಂದರು.

ಹೊಡೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಒಂದು ಮಾತಿಗೆ ನನ್ನೊಳಗೆ ಅವರ ಬಗ್ಗೆ ಇದ್ದಬದ್ದ ಕರುಣೆಯೆಲ್ಲ ಸತ್ತುಹೋಯಿತು. ಸಾರಿಗೆ ಬೇಳೆ ಹಾಕಿದೆ.

ಮುಂದಿನ ತಿಂಗಳು ನಾನು ಬಾಯಿಬಿಟ್ಟು ಹೇಳೋ ಮೊದಲೇ, ಮುಖ ನೋಡಿಯೇ ತಿಳಿದುಕೊಂಡು, ಚಾಪೆ ಅಡಿಗೆ ಹಾಸಿದರು. ಸಂಜೆ ಹೊತ್ತು, ಜಿಟಿಜಿಟಿ ಮಳೆ ಹಿಡಿದಿತ್ತು. ಹಾಸಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಕೈಕಾಲು ತೊಳೆಯೋದಕ್ಕೆ ನಲ್ಲಿ ಕಡೆ ಹೋದರು. ನಾನು ಮೆಟ್ಟಿಲು ಹತ್ತಿ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನನ್ನ ಹಲಗೆ ಮೇಲಲ್ಲ, ಅವರ ಹಾಸಿಗೆ ಮೇಲೆ ಕಾಲು ಚಾಚಿ ಮಲಗಿದೆ. ಅವರ ದಿಂಬೇ ತಲೆಗೆ.

ಬಂದರು. ಬಾಗಿಲು ತಳ್ಳಿದರು. "ಏನೇ ಇದು?"

"ನಾನು ಹೊರಗಾಗಿದ್ದೀನಿ. ಒಳಗಿದ್ದೀನಿ" ಅಂದೆ.

ತಳ್ಳುತ್ತಿದ್ದ ಕೈಯನ್ನು ಬಾಗಿಲಿನಿಂದ ಹಿಂದಕ್ಕೆ ತೆಗೆದುಕೊಂಡದ್ದು ಸಂದಿಯಲ್ಲಿ ಕಾಣಿಸಿತು. ಒಡೆದು ಒಳಗೆ ಬರೋ ಹಾಗಿಲ್ಲ, ಬಂದರೆ ಎಲ್ಲವೂ ಮೈಲಿಗೆ. ಬೈದರು. ನನ್ನ ತವರನ್ನು, ನಮ್ಮಪ್ಪನನ್ನು, ಮದುವೆ ಮಾಡಿಸಿದವರನ್ನು ಎಲ್ಲ ಬೈದರು. ಕೂಲಿಯವರು ಶೆಡ್ಡುಗಳಿಂದ ಹೊರಗೆ ಬಂದು ನಿಂತರು. ಹೊತ್ತು ಮುಳುಗುತ್ತಾ ಬಂತು. ಅವರ ಮಡಿಪಂಚೆ ಒಳಗೆ, ಪಂಚಪಾತ್ರೆ ಒಳಗೆ, ಅಕ್ಕಿ ಒಳಗೆ. ಕೊನೆಗೆ ಸ್ವರ ತಗ್ಗಿತು.

"ದೇವರ ಪೆಟ್ಟಿಗೆಯನ್ನಾದರೂ ಕೊಡೇ."

"ಮುಟ್ಟಿ ಕೊಡಲಾ?" ಅಂದೆ.

ಮಳೆ ಜೋರಾಯಿತು. ಸ್ವಲ್ಪ ಹೊತ್ತಿಗೆ ಅವರು ಬಗ್ಗಿ ಅಡಿಗೆ ಹೋದ ಸದ್ದಾಯಿತು. ಅಯ್ಯೋ ಪಾಪ ಅನ್ನಿಸಲಿಲ್ಲ. ಅನ್ನಿಸುತ್ತೇನೋ ಅಂತ ಕಾದೆ, ಇಲ್ಲ. ಚೆನ್ನಾಗಿ ನಿದ್ದೆ ಬಂತು.

ಆ ದಿನಗಳೆಲ್ಲ ಅವರು ಅಂಗಡಿಯಿಂದ ಬಾಳೆಹಣ್ಣು ತಂದು ತಿಂದುಕೊಂಡಿದ್ದರು. ಬಿಳೀ ಪಂಚೆ ಮೇಲೆ ಗ್ರೀಸಿನ ಕಲೆ ಹೊತ್ತುಕೊಂಡೇ ಕೆಲಸಕ್ಕೆ ಹೋದರು. ಅವರು ಅತ್ತ ಹೋದಾಗ ನಾನು ಇಳಿದು ನೀರು ತಂದು ಮತ್ತೆ ಚಿಲಕ ಹಾಕಿಕೊಳ್ಳುತ್ತಿದ್ದೆ. ಕೂಲಿ ಹೆಂಗಸರು ಈಗ ಯಾರನ್ನು ಕಂಡು ನಗುತ್ತಿದ್ದರು ಅಂತ ನಾನು ಕಿಟಕಿಯಿಂದ ನೋಡಿದೆ.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡೆ. ಹಾಸಿಗೆಯನ್ನು ಬಿಸಿಲಿಗೆ ಎಳೆದೆ, ಗಾಡಿ ಪೂರ್ತಿ ತೊಳೆದೆ, ದೇವರ ಪೆಟ್ಟಿಗೆಗೆ ನೀರು ಚಿಮುಕಿಸಿದೆ. ಆಮೇಲೆ ಬಾಗಿಲಲ್ಲಿ ನಿಂತು, "ಬನ್ನಿ, ಕಾಫಿ ಮಾಡ್ತೀನಿ" ಅಂದೆ. ಬಂದರು. ಬೈಯುತ್ತಾರೆ, ತವರಿಗೆ ಅಟ್ಟುತ್ತಾರೆ ಅಂದುಕೊಂಡಿದ್ದೆ. ತಲೆ ತಗ್ಗಿಸಿಕೊಂಡು ನನ್ನ ಹಲಗೆಯ ತುದಿಯಲ್ಲಿ ಕೂತರು. ಕೂದಲಲ್ಲಿ ಮಣ್ಣಿತ್ತು. ನಾನು ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದೆ.

"ಮುಂದಿನ ತಿಂಗಳು?" ಅಂದರು, ಕೇಳಿಸಿತೋ ಇಲ್ಲವೋ ಅನ್ನೋ ಹಾಗೆ.

"ನಿಮ್ಮ ಚಾಪೆ ಅಲ್ಲೇ ಇದೆ, ಎತ್ತಿಡಬೇಡಿ" ಅಂದೆ.