ಸುಬೇದಾರರ ಮಂಡಿ

ತೊಂಬತ್ತೈದರಲ್ಲಿ ನಾನು ಎಂ.ಎ. ಮುಗಿಸಿ ಗುಂಡ್ಲುಪೇಟೆಗೆ ಮರಳಿದಾಗ, ಪಕ್ಕದ ಮನೆಯ ನಿವೃತ್ತ ಸುಬೇದಾರರು ತಮ್ಮ ಹಳೆಯ ಪ್ಯಾರಾಚೂಟ್ ರೆಜಿಮೆಂಟಿನ ಸಮಾರಂಭದಲ್ಲಿ ಹದಿನೈದು ವರ್ಷಗಳ ನಂತರ ಮತ್ತೆ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯಲು ಹೊರಟಿದ್ದರು. ಅಭ್ಯಾಸಕ್ಕೆಂದು ದಿನವೂ ನಮ್ಮ ಕಾಂಪೌಂಡ್ ಗೋಡೆಯಿಂದ ನನ್ನ ಚೆಂಡುಹೂವಿನ ಪಾತಿಗೆ ಹಾರಿ ಉರುಳುತ್ತಿದ್ದರು. ಗದರಿದರೆ, “ಮಂಡಿ ಜೋಡ್ಸುದ್ರೆ ಆಯ್ತು ಕಣಮ್ಮಿ, ಮಿಕ್ಕಿದ್ದ ನೆಲ ನೋಡ್ಕತದೆ” ಎನ್ನುವರು.

ಆ ಜಿಗಿತಕ್ಕೆ ರೆಜಿಮೆಂಟಿಗೆ ಕಳಿಸಬೇಕಾದ ಅರ್ಜಿ ತುಂಬಲೂ ನಾನೇ ಬೇಕಾಯಿತು. ಹಳೆಯ ಗಾಯಗಳ ಕಾಲಂನಲ್ಲಿ ಅವರ ಮಂಡಿಯ ಆಪರೇಷನ್ ಬರೆದೆ.

“ಅಯ್ಯೋ, ಇಲ್ಲ ಅಂತ ಬರ್ದ್ಬುಡು! ಇದ ನೋಡುದ್ರೆ ನನ್ನ ವಿಮಾನದ ಅತ್ರಕ್ಕೂ ಬುಡಾಕಿಲ್ಲ.”

“ನನ್ನ ಕೈಯಲ್ಲಿ ಸುಳ್ಳು ಬರೆಸಬೇಡಿ. ಬೇಕಾದರೆ ನೀವೇ ತಿದ್ದಿ,” ಎಂದು ರೇಗಿ ಪೆನ್ನು ಕೊಟ್ಟೆ.

“ಓದ್ದೋಳ್ನ ಕೇಳ್ದೆ ನೋಡು, ನಂದೇ ತೆಪ್ಪು” ಎಂದು ಗೊಣಗುತ್ತ ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು. ಕೊನೆಗೆ ಏನನ್ನೂ ತಿದ್ದದೆ ಕೆಳಗೆ ಸಹಿ ಹಾಕಿದರು.