ಕೊಡಲಿ ಬಿಟ್ಟು ಹೋದ ಕೇದಾರಿ

ಒಣಗಿದ ಟೊಂಗೆ ಸವರಿ ಗಿಡ ಉಳಿಸುವುದು ಕರೋಶಿಯ ಕೇದಾರಿಯ ಕಸುಬು. ಸವರಿದ್ದನ್ನು ಸೀಳಿ ಮಾರುತ್ತಿದ್ದ. ಊರಿನ ಚಿತೆಗಳಿಗೂ ಅವನದೇ ಕಟ್ಟಿಗೆ. ಗಿಡಕ್ಕೆ ಜಡ್ಡಾದರೆ ಕರೆಕಳಿಸುವ ಊರು, ಮನುಷ್ಯರಿಗೆ ಜಡ್ಡಾದರೆ ಮಾತ್ರ ಅವನ ಮುಖಕ್ಕೇ ಬಾಗಿಲು ಹಾಕುತ್ತಿತ್ತು. ಹೆಣದ ಕಟ್ಟಿಗೆಯ ಅಂದಾಜಿಗೆ ಬಂದನೇನೋ ಎಂಬ ಅಂಜಿಕೆ. ಬೇರೆ ಕಸುಬು ಕಲಿಯುವ ವಯಸ್ಸೂ ದಾಟಿತ್ತು.

ತೊಂಬತ್ತೆರಡನೇ ಇಸವಿಯಲ್ಲಿ, ಊರಲ್ಲೇ ಕೊಟ್ಟಿದ್ದ ಅಕ್ಕ ತಾನವ್ವ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದಳು. ಕೇದಾರಿ ಕೊಡಲಿ ಮನೆಯಲ್ಲೇ ಬಿಟ್ಟು, ಬಾಳೆಹಣ್ಣು ಹಿಡಿದು ಹೋದ. ಅವಳ ಸೊಸೆ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಮಾವಾರ, ನಿಮ್ಮನ್ನ ಯಾರ್ ಕರದ್ರಿ? ಇನ್ನಾ ಜೀವ ಐತ್ರಿ."

"ಅಕ್ಕನ್ನ ನೋಡಾಕ ಬಂದೇನವ್ವಾ."

ಒಳಗಿನಿಂದ ತಾನವ್ವನ ದನಿ ಬಂತು.

"ಬಿಡವಾ, ಬರಲಿ. ತಮ್ಮಾ, ನನಗ ಒಣಾ ಕಟ್ಟಿಗೀನ ತಗದಿಡೋ. ಹೊಗಿ ಆದ್ರ ಉಸರ ಕಟ್ಟತೈತಿ."