ಹಾನಗಲ್ಲಿನ ಶಂಭುಲಿಂಗನೂ ಅವನ ಸರ್ವರೂ

ಹಾನಗಲ್ ಬಸ್ ನಿಲ್ದಾಣದ ಎದುರು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿರುವ ಶಂಭುಲಿಂಗ ಹುಟ್ಟಿದ್ದೇ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದಕ್ಕೆ. ಶಾಲೆಯಲ್ಲಿ ಫೇಲಾದರೆ ಮಾಸ್ತರರ ತಪ್ಪು, ಮದುವೆ ಮುರಿದರೆ ಬೀಗರ ತಪ್ಪು. ಕಂಪ್ಯೂಟರ್ ಕೊಂಡ ಮೇಲಂತೂ ಕಣ್ಣಿಗೆ ಕಾಣದ, ತಿರುಗಿ ಬೈಯದ ಸರ್ವರ್ ಸಿಕ್ಕಿತು. "ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ" ಎಂಬುದನ್ನು ಕೇಳಿ ಕೇಳಿ, ಪಕ್ಕದಲ್ಲಿ ಚಹಾ ಮಾರುವ ನನ್ನ ಕಿವಿ ತೂತು ಬಿದ್ದಿದೆ.

ಹೋದ ವರ್ಷ ಹಾಲವ್ವನ ಮೊಮ್ಮಗಳು ರಂಜನಾಳ ಹಾಸ್ಟೆಲ್ ಅರ್ಜಿಯೂ ಹೀಗೇ ಹೋಗಲಿಲ್ಲ. ಪಾಪ, ಹುಡುಗಿ ಕಾಲೇಜು ಬಿಟ್ಟು ಮನೆಯಲ್ಲಿ ಕುಳಿತಳು. ಈ ವರ್ಷ ಕೊನೆಯ ದಿನ ಮಂಗಳವಾರ, ಸಂಜೆ ನಾಲ್ಕರವರೆಗೆ. ಅಜ್ಜಿ, ಮೊಮ್ಮಗಳು ಮೂರಕ್ಕೇ ಬಂದರು. ಶಂಭುಲಿಂಗ ಫಾರ್ಮ್ ತುಂಬಿ, "ಸರ್ವರ್ ಬಿಜಿ ಐತಿ, ತಡೀರಿ" ಎಂದು ಕೈಕಟ್ಟಿ ಕುಳಿತ.

ಅಷ್ಟರಲ್ಲಿ ಆ ಹಾಸ್ಟೆಲ್ ಅರ್ಜಿಯ ವೆಬ್‌ಸೈಟ್ ನೋಡಿಕೊಳ್ಳುವ ವಿದ್ಯಾಶ್ರೀ ಹಾವೇರಿಯಿಂದ ಬಂದಿಳಿದಳು. ಸರ್ವರ್ ಮೇಲೆ ಎಲ್ಲರಿಗಿಂತ ಹೆಚ್ಚು ದೂರು ಬರೆದವನ ಮುಖ ನೋಡಬೇಕಿತ್ತಂತೆ. ಲ್ಯಾಪ್‌ಟಾಪ್ ತೆರೆದಳು.

"ಈಗ ನೀವು ಬ್ರೌಸರ್‌ನ್ಯಾಗ ಏನ ಒತ್ತಿದ್ರೂ ಅದಕ್ಕೊಂದು ನಂಬರ್ ಬೀಳ್ತೈತ್ರಿ. ಅದ ನಂಬರ್ ಸರ್ವರ್‌ತನಕ ಹೋಗ್ತೈತಿ. ಇಲ್ಲೇನಾತು, ಅಲ್ಲೇನಾತು, ಎಲ್ಲಾ ಒಂದ ಗೆರಿಮ್ಯಾಲ ಕಾಣ್ತೈತಿ."

ಅವನು ನಿನ್ನೆ ಬೆಳಿಗ್ಗೆ ಕೆಡಿಸಿದ ಬೇರೊಬ್ಬರ ಅರ್ಜಿಯ ಗೆರೆ ತೋರಿಸಿದಳು. ಫಾರ್ಮ್ ತುಂಬಿದ್ದ. ಆಮೇಲೆ ಉದ್ದಕ್ಕೂ ಖಾಲಿ. ಕೊನೆಗೆ ಬಟನ್ ಒತ್ತುವಷ್ಟರಲ್ಲಿ ಆ ಪುಟ ತೆರೆದಿರುವ ಅವಧಿಯೇ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗಿತ್ತು.

"ಸರ್ವರ್ ಎಚ್ಚರ ಇತ್ರಿ. ಇಷ್ಟೊತ್ತು ನೀವ ಒತ್ತಿಲ್ಲ. ಯಾಕ?"

ಶಂಭುಲಿಂಗ ಗೋಡೆಯ ಕ್ಯಾಲೆಂಡರ್ ಕಡೆ ಬೆರಳು ಮಾಡಿದ. "ರಾಹುಕಾಲ ಇತ್ರಿ. ಒಳ್ಳೇ ಕೆಲಸದ ಬಟನ್ ಅದರಾಗ ಹೆಂಗ ಒತ್ತೂದ್ರಿ? ಇವತ್ತೂ ನಾಲ್ಕೂವರಿತನಕ ಐತಿ."

ಅಯ್ಯೋ ಶಿವನೇ! ಮಂದಿಯ ಕೈಯಿಂದ ಫೀ ಇಸಿದುಕೊಳ್ಳಲು ಮಾತ್ರ ಈ ಪುಣ್ಯಾತ್ಮನಿಗೆ ಯಾವ ರಾಹುವೂ ಅಡ್ಡ ಬಂದಿರಲಿಲ್ಲ.

ಹಾಲವ್ವ ಮೆಲ್ಲಗೆ ಎದ್ದು ನಿಂತಳು. "ಹಂಗಾರ ಹೋದ ವರ್ಷನೂ?"

ಅವನು ಕೀಬೋರ್ಡ್ ನೋಡುತ್ತ, "ಆವತ್ತೂ ರಾಹುಕಾಲನ ಇತ್ರಿ" ಎಂದ.

"ನನ್ನ ಮೊಮ್ಮಗಳ ಒಂದ ವರ್ಷ ನುಂಗಿದಿ ಅಲ್ಲೋ ಭಾಡ್ಯಾ!"

ನಾಲ್ಕಾಗಲು ಸ್ವಲ್ಪವೇ ಉಳಿದಿತ್ತು.  ಮೌಸ್ ಮೇಲಿದ್ದ ಅವನ ಕೈಯನ್ನು ಸರಿಸಿ, ರಂಜನಾ ತಾನೇ ಒತ್ತಿದಳು. "ಅರ್ಜಿ ಸ್ವೀಕರಿಸಲಾಗಿದೆ" ಎಂದು ಬಂತು. ವಿದ್ಯಾಶ್ರೀಯ ಲ್ಯಾಪ್‌ಟಾಪಿನಲ್ಲಿ ಗೆರೆ ಒತ್ತಿದ ಕೂಡಲೇ ಸರ್ವರ್‌ನ ತುದಿ ಮುಟ್ಟಿತ್ತು.

ಶಂಭುಲಿಂಗ ಬೆವರು ಒರೆಸಿಕೊಂಡು ಪ್ರಿಂಟ್ ತೆಗೆದ. ಅದನ್ನು ಹಾಲವ್ವನ ಕೈಗೆ ಕೊಡುತ್ತ ಹೇಳಿದ:

"ನೋಡ್ರಿ ಅವ್ವಾರ, ಇವತ್ತ ಸರ್ವರ್ ಛಲೋ ಐತಿ."